ಹಲ್ಲು ನೋಯುವ ಮೊದಲೇ ಮಾಡಬೇಕಾದ ಕೆಲಸಗಳು

ಹಲ್ಲುನೋವಿನಿಂದ ರಾತ್ರಿಯಿಡೀ ನಿದ್ದೆಗೆಟ್ಟು ಬೆಳಿಗ್ಗೆ ದಂತವೈದ್ಯರ ಮುಂದೆ ಕುಳಿತವರು ಬಹುತೇಕ ಒಂದೇ ಮಾತನ್ನು ಹೇಳುತ್ತಾರೆ: ನಿನ್ನೆಯವರೆಗೂ ಹಲ್ಲು ಚೆನ್ನಾಗಿಯೇ ಇತ್ತು. ಅವರ ಮಟ್ಟಿಗೆ ಆ ಮಾತು ನಿಜ, ಹಲ್ಲಿನ ಮಟ್ಟಿಗೆ ನಿಜವಲ್ಲ. ಹಲ್ಲಿನ ಹೊರಕವಚವಾದ ಎನಾಮೆಲ್ ಮನುಷ್ಯನ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಸುಮಾರು 96 ಪ್ರತಿಶತ ಖನಿಜವೇ. ಅದರಲ್ಲಿ ನರವಿಲ್ಲ, ರಕ್ತನಾಳವಿಲ್ಲ, ಜೀವಕೋಶವೂ ಇಲ್ಲ. ಆದ್ದರಿಂದ ಎನಾಮೆಲ್ ಕರಗಿಹೋಗುತ್ತಿರುವಾಗ ನಮಗೆ ಏನೂ ತಿಳಿಯುವುದಿಲ್ಲ. ಅದರ ಕೆಳಗಿನ ಡೆಂಟಿನ್ ಪದರಕ್ಕೆ ಹುಳುಕು ಇಳಿದಾಗ ತಣ್ಣೀರಿಗೋ ಸಿಹಿಗೋ ಹಲ್ಲು ಜುಮ್ಮೆನ್ನತೊಡಗುತ್ತದೆ. ಇನ್ನೂ ಒಳಗೆ, ನರ ಮತ್ತು ರಕ್ತನಾಳಗಳಿರುವ ತಿರುಳಿಗೆ ಅದು ತಲುಪಿದಾಗಲೇ ನಿದ್ದೆಗೆಡಿಸುವ ನೋವು ಬರುವುದು. ಅಷ್ಟು ಹೊತ್ತಿಗೆ ಆ ಹುಳುಕಿಗೆ ತಿಂಗಳುಗಳ, ಎಷ್ಟೋ ಸಲ ವರ್ಷಗಳ ವಯಸ್ಸಾಗಿರುತ್ತದೆ.

ನನಗೆ ಇದು ಅನುಭವದಿಂದಲೇ ತಿಳಿದದ್ದು. ದವಡೆಹಲ್ಲೊಂದು ನಾಲ್ಕು ದಿನ ಜೋರಾಗಿ ನೊಂದು ತಾನಾಗಿಯೇ ಸುಮ್ಮನಾದಾಗ ವಾಸಿಯಾಯಿತೆಂದು ನಂಬಿ ಬಿಟ್ಟುಬಿಟ್ಟೆ. ವಾಸ್ತವದಲ್ಲಿ ಒಳಗಿನ ತಿರುಳು ಸತ್ತುಹೋಗಿತ್ತು, ನೋವು ನಿಂತದ್ದು ಅದಕ್ಕಾಗಿಯೇ. ಸೋಂಕು ಬೇರಿನ ತುದಿಯನ್ನು ದಾಟಿ ದವಡೆಯ ಮೂಳೆಗೆ ಇಳಿದು, ಕೆಲವು ತಿಂಗಳ ನಂತರ ಕೆನ್ನೆ ಊದಿಕೊಂಡಾಗ ಆ ಹಲ್ಲನ್ನು ಕೀಳಿಸದೆ ಬೇರೆ ದಾರಿ ಉಳಿದಿರಲಿಲ್ಲ. ಮೊದಲ ಸಲ ಜುಮ್ಮೆಂದಾಗಲೇ ಹೋಗಿದ್ದರೆ ಒಂದೇ ಭೇಟಿಯಲ್ಲಿ ಸಿಮೆಂಟ್ ತುಂಬಿ ಮುಗಿಸಬಹುದಾಗಿದ್ದ ಕೆಲಸವದು. ಹೀಗಾಗಿ ನೋವು ಬಂದಮೇಲೆ ಏನು ಮಾಡಬೇಕೆಂಬುದಕ್ಕಿಂತ, ನೋವಿಲ್ಲದ ದಿನಗಳಲ್ಲಿ ಏನು ಮಾಡಬೇಕೆಂಬುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹುಳುಕು ಹುಟ್ಟುವ ಬಗೆ

ಹುಳುಕು ಎಂಬ ಪದದಲ್ಲೇ ಹುಳುವಿನ ನೆನಪಿದೆ. ಹಲ್ಲನ್ನು ಹುಳು ತಿನ್ನುತ್ತದೆ ಎಂಬ ನಂಬಿಕೆ ಸಾವಿರಾರು ವರ್ಷಗಳ ಕಾಲ ಹಲವು ನಾಡುಗಳಲ್ಲಿತ್ತು, ಇಂದಿಗೂ ಪೂರ್ತಿ ಅಳಿದಿಲ್ಲ. ಹಲ್ಲಿನಲ್ಲಿ ಹುಳುವಿಲ್ಲ, ಇರುವುದು ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾ. 1683ರಲ್ಲಿ ಹಾಲೆಂಡಿನ ಆಂಟನಿ ವಾನ್ ಲೇವನ್‌ಹುಕ್ ತಮ್ಮ ಹಲ್ಲಿನ ಸಂದಿಯಿಂದ ತೆಗೆದ ಬಿಳಿ ಲೋಳೆಯನ್ನು ಸೂಕ್ಷ್ಮದರ್ಶಕದಡಿ ನೋಡಿ, ಅದರಲ್ಲಿ ಸಣ್ಣ ಜೀವಿಗಳು ಚುರುಕಾಗಿ ಓಡಾಡುತ್ತಿವೆಯೆಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದರು. ಅವು ಹಲ್ಲಿಗೆ ಏನು ಮಾಡುತ್ತವೆ ಎಂಬುದು ಸ್ಪಷ್ಟವಾಗಲು ಮತ್ತೆ 200 ವರ್ಷ ಬೇಕಾಯಿತು. 1890ರಲ್ಲಿ, ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್, ಬಾಯಿಯ ಬ್ಯಾಕ್ಟೀರಿಯಾಗಳು ಆಹಾರದಲ್ಲಿನ ಸಕ್ಕರೆ ಮತ್ತು ಪಿಷ್ಟವನ್ನು ಆಮ್ಲವಾಗಿ ಮಾರ್ಪಡಿಸುತ್ತವೆ, ಹಲ್ಲನ್ನು ಕರಗಿಸುವುದು ಆ ಆಮ್ಲವೇ ಎಂದು ವಿವರಿಸಿದರು. ಇಂದಿನ ತಿಳಿವಳಿಕೆಯ ಬುನಾದಿಯೂ ಅದೇ.

ನಾವು ಎಷ್ಟೇ ಚೆನ್ನಾಗಿ ಹಲ್ಲುಜ್ಜಿದರೂ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ತೆಳ್ಳನೆಯ ಅಂಟುಪದರವೊಂದು ಮತ್ತೆ ಕೂರುತ್ತದೆ. ಇದಕ್ಕೆ ಪ್ಲಾಕ್ ಎನ್ನುತ್ತಾರೆ. ನಾಲಿಗೆಯ ತುದಿಯಿಂದ ಹಲ್ಲನ್ನು ಸವರಿದಾಗ ನುಣುಪಿನ ಬದಲು ಒರಟು ತಾಗಿದರೆ ಅದು ಪ್ಲಾಕ್. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಈ ಪದರದಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲವನ್ನು ತಯಾರಿಸತೊಡಗುತ್ತವೆ. ಅಲ್ಲಿನ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರುತ್ತವೆ. ಆಮೇಲೆ ಲಾಲಾರಸ ತನ್ನ ಕೆಲಸ ಆರಂಭಿಸುತ್ತದೆ: ಆಮ್ಲವನ್ನು ತಣಿಸುತ್ತದೆ, ಕರಗಿದ ಖನಿಜವನ್ನು ಹಲ್ಲಿಗೆ ಮರಳಿ ತುಂಬುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ದಿನವಿಡೀ ಬಾಯಲ್ಲಿ ನಡೆಯುವುದು ಈ ಕರಗುವ ಮತ್ತು ತುಂಬುವ ಲೆಕ್ಕಾಚಾರವೇ. ಕರಗಿದ್ದು ತುಂಬಿದ್ದಕ್ಕಿಂತ ಹೆಚ್ಚಾಗುತ್ತ ಹೋದರೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ ಕಾಣಿಸಿಕೊಳ್ಳುತ್ತದೆ, ನಂತರ ಮೇಲ್ಮೈ ಕುಸಿದು ಗುಳಿ ಬೀಳುತ್ತದೆ. ಬಿಳಿ ಮಚ್ಚೆಯ ಹಂತದಲ್ಲಿ ಹಲ್ಲು ಚೇತರಿಸಿಕೊಳ್ಳಬಲ್ಲದು. ಗುಳಿ ಬಿದ್ದಮೇಲೆ ಯಾವ ಪೇಸ್ಟಿನಿಂದಲೂ ಅದು ಮುಚ್ಚುವುದಿಲ್ಲ.

ಇದರಿಂದ ಆಹಾರದ ಬಗ್ಗೆ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಎಷ್ಟು ಸಿಹಿ ತಿಂದೆವು ಎಂಬಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಎಷ್ಟು ಸಲ ತಿಂದೆವು ಎಂಬುದು ಹಲ್ಲಿಗೆ ಮುಖ್ಯ. ಊಟದ ಜೊತೆಗೆ ಒಮ್ಮೆ ಸಿಹಿ ತಿಂದು ಮುಗಿಸಿದರೆ ಹಲ್ಲಿನ ಮೇಲೆ ಆಮ್ಲದ ದಾಳಿ ಒಂದೇ ಸಲ ನಡೆಯುತ್ತದೆ. ಅದೇ ಸಿಹಿಯನ್ನು ಮಧ್ಯಾಹ್ನವಿಡೀ ಚೂರುಚೂರಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ, ಅಥವಾ ಸಕ್ಕರೆ ಬೆರೆಸಿದ ಪಾನೀಯವನ್ನು ಕೆಲಸದ ನಡುವೆ ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯುತ್ತಿದ್ದರೆ, ಲಾಲಾರಸಕ್ಕೆ ಚೇತರಿಸಿಕೊಳ್ಳುವ ಬಿಡುವೇ ಸಿಗುವುದಿಲ್ಲ. ಹಲ್ಲಿಗೆ ಅಂಟಿಕೊಳ್ಳುವ ಬಿಸ್ಕತ್ತು ಮತ್ತು ಮಿಠಾಯಿಗಳು ಬೇಗ ಕರಗಿಹೋಗುವ ಸಿಹಿಗಿಂತ ಹೆಚ್ಚು ಹಾನಿಕರ. ಸಿಹಿ, ಹಣ್ಣಿನ ರಸ ಮತ್ತು ಜೇನಿನಲ್ಲಿರುವ ಬಿಡಿ ಸಕ್ಕರೆ ದಿನದ ಒಟ್ಟು ಶಕ್ತಿಯ 10 ಪ್ರತಿಶತಕ್ಕಿಂತ ಕಡಿಮೆ ಇರಬೇಕು, 5 ಪ್ರತಿಶತಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ. ಎರಡು ಊಟಗಳ ನಡುವೆ ಬಾಯಾರಿದರೆ ನೀರೇ ಒಳ್ಳೆಯದು.

ಹಲ್ಲುಜ್ಜುವ ಕ್ರಮ

ಹಲ್ಲುಜ್ಜುವುದನ್ನು ಎಲ್ಲರೂ ಬಾಲ್ಯದಲ್ಲೇ ಕಲಿತಿರುತ್ತೇವೆ, ಹಾಗಾಗಿ ಮತ್ತೆ ಕಲಿಯಬೇಕೆಂದು ಯಾರಿಗೂ ಅನಿಸುವುದಿಲ್ಲ. ಆದರೆ ಬಹುಪಾಲು ಜನ ಉಜ್ಜುವುದು ಹೊರಗೆ ಕಾಣುವ ಮುಂಭಾಗವನ್ನು ಮಾತ್ರ, ಅದೂ ಅಡ್ಡಡ್ಡಲಾಗಿ, ಒಂದು ನಿಮಿಷವೂ ತುಂಬುವ ಮೊದಲೇ ಮುಗಿಸಿ. ದಿನಕ್ಕೆ ಎರಡು ಸಲ, ಪ್ರತಿಸಲವೂ ಪೂರ್ತಿ ಎರಡು ನಿಮಿಷ ಉಜ್ಜಬೇಕು. ಎರಡರಲ್ಲಿ ಒಂದು ಸಲ ರಾತ್ರಿ ಮಲಗುವ ಮುನ್ನವೇ ಆಗಿರಬೇಕು, ಏಕೆಂದರೆ ನಿದ್ದೆಯಲ್ಲಿ ಲಾಲಾರಸ ಸುರಿಯುವುದು ತೀರಾ ಕಡಿಮೆಯಾಗುತ್ತದೆ ಮತ್ತು ಹಲ್ಲಿಗಿರುವ ಸಹಜ ರಕ್ಷಣೆ ಆಗ ಇರುವುದಿಲ್ಲ. ರಾತ್ರಿ ಉಜ್ಜಿದ ಮೇಲೆ ನೀರಿನ ಹೊರತು ಬೇರೇನೂ ಬಾಯಿಗೆ ಹೋಗಬಾರದು. ಬೆಳಿಗ್ಗೆ ಮಾತ್ರ ಉಜ್ಜುವ ಅಭ್ಯಾಸವಿರುವವರು ಈ ಬರಹದಿಂದ ಒಂದೇ ಒಂದು ಬದಲಾವಣೆ ಮಾಡಿಕೊಳ್ಳುವುದಾದರೆ ಅದು ಇದೇ ಆಗಲಿ ಎಂಬುದು ನನ್ನ ಆಸೆ.

ಬ್ರಷ್ಷಿನ ತಲೆ ಚಿಕ್ಕದಾಗಿರಬೇಕು, ಎಳೆಗಳು ಮೃದುವಾಗಿರಬೇಕು. ಗಟ್ಟಿ ಬ್ರಷ್ಷಿನಿಂದ ಬಲ ಹಾಕಿ ಉಜ್ಜಿದರೆ ಹೆಚ್ಚು ಸ್ವಚ್ಛವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಪ್ಲಾಕ್ ಮೆತ್ತಗಿನ ಪದರವಾದ್ದರಿಂದ ಮೆತ್ತಗಿನ ಎಳೆಗೇ ಬಿಟ್ಟುಬರುತ್ತದೆ. ಬಲವಾಗಿ ಉಜ್ಜುವವರ ವಸಡು ವರ್ಷಗಳಲ್ಲಿ ಹಿಂದಕ್ಕೆ ಸರಿದು, ಬೇರಿನ ಭಾಗ ಬಯಲಾಗಿ, ಅಲ್ಲಿ ಗರಗಸ ಎಳೆದಂಥ ಗೀರು ಬೀಳುತ್ತದೆ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನಂತೆ ಬೆರಳುಗಳಲ್ಲಿ ಹಿಡಿದರೆ ಬಲ ತಾನಾಗಿ ತಗ್ಗುತ್ತದೆ. ಹಲ್ಲು ಮತ್ತು ವಸಡು ಸೇರುವ ಗೆರೆಗೆ ಎಳೆಗಳನ್ನು ಸುಮಾರು 45 ಡಿಗ್ರಿ ಓರೆಯಾಗಿ ಇಟ್ಟು, ಒಂದೆರಡು ಹಲ್ಲಿನ ಅಗಲದಷ್ಟೇ ಜಾಗದಲ್ಲಿ ಸಣ್ಣಗೆ ಅಲುಗಿಸುತ್ತ, ಅಲ್ಲಿಂದ ಹಲ್ಲಿನ ತುದಿಯ ಕಡೆಗೆ ಸವರಿ ಮುಂದಿನ ಹಲ್ಲಿಗೆ ಸಾಗಬೇಕು. ಎಲ್ಲಿಂದ ಶುರುಮಾಡಿದರೂ ಆದೀತು, ಆದರೆ ಪ್ರತಿದಿನವೂ ಒಂದೇ ಕ್ರಮ ಇರಲಿ: ಮೊದಲು ಹೊರಮೈ, ನಂತರ ಒಳಮೈ, ಕೊನೆಗೆ ಅಗಿಯುವ ಮೇಲ್ಮೈ. ಕ್ರಮವಿಲ್ಲದಿದ್ದರೆ ದಿನವೂ ಅದದೇ ಜಾಗ ಬಿಟ್ಟುಹೋಗುತ್ತದೆ. ಹೆಚ್ಚಾಗಿ ಬಿಟ್ಟುಹೋಗುವುದು ಕೆಳಗಿನ ಮುಂಬಲ್ಲುಗಳ ಹಿಂಭಾಗ ಮತ್ತು ಕಟ್ಟಕಡೆಯ ದವಡೆಹಲ್ಲಿನ ಹಿಂಬದಿ. ಮುಂಬಲ್ಲುಗಳ ಹಿಂಭಾಗಕ್ಕೆ ಬ್ರಷ್ಷನ್ನು ನೆಟ್ಟಗೆ ಹಿಡಿದು ಅದರ ತುದಿಯಿಂದ ಉಜ್ಜಬೇಕು; ಕಡೆಯ ಹಲ್ಲಿಗೆ ಬಾಯನ್ನು ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಬ್ರಷ್ ಒಳಗೆ ಹೋಗುತ್ತದೆ.

ಪೇಸ್ಟಿನ ವಿಷಯದಲ್ಲಿ ನೋಡಬೇಕಾದದ್ದು ಅದರ ಬಣ್ಣವನ್ನಾಗಲಿ ಘಮವನ್ನಾಗಲಿ ಅಲ್ಲ, ಫ್ಲೋರೈಡ್ ಅಂಶವನ್ನು. ಟ್ಯೂಬಿನ ಮೇಲೆ 1000ದಿಂದ 1500 ಪಿಪಿಎಂ ಎಂದು ಬರೆದಿದ್ದರೆ ದೊಡ್ಡವರಿಗೆ ಸಾಕು. ಫ್ಲೋರೈಡ್ ಹಲ್ಲಿಗೆ ಖನಿಜ ಮರಳಿ ಸೇರುವುದನ್ನು ಚುರುಕುಗೊಳಿಸುತ್ತದೆ ಮತ್ತು ಹಾಗೆ ಸೇರಿದ ಖನಿಜವು ಆಮ್ಲಕ್ಕೆ ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಅದು ಹಲ್ಲಿನ ಮೇಲೆ ಉಳಿದಷ್ಟೂ ಒಳ್ಳೆಯದಾದ್ದರಿಂದ, ಉಜ್ಜಿದ ಮೇಲೆ ನೊರೆಯನ್ನು ಉಗಿದು ಬಿಡಬೇಕು, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬಾರದು. ಇದು ಬಹಳ ಜನರಿಗೆ ವಿಚಿತ್ರವೆನಿಸುತ್ತದೆ, ಆದರೆ ಒಂದು ವಾರದಲ್ಲಿ ರೂಢಿಯಾಗುತ್ತದೆ. ಹುಳಿ ಹಣ್ಣು ತಿಂದ, ಸೋಡಾ ಕುಡಿದ ಅಥವಾ ವಾಂತಿಯಾದ ತಕ್ಷಣ ಉಜ್ಜಬಾರದು; ಆಮ್ಲದಿಂದ ಮೆತ್ತಗಾದ ಎನಾಮೆಲ್ ಆಗ ಸವೆಯುತ್ತದೆ. ನೀರಿನಿಂದ ಬಾಯಿ ತೊಳೆದು ಕನಿಷ್ಠ ಅರ್ಧ ಗಂಟೆ ಕಾಯಬೇಕು. ಇದ್ದಿಲು ಪುಡಿಯಂಥ ತರಿತರಿಯಾದ ಪುಡಿಗಳು ಹಲ್ಲನ್ನು ಬೆಳ್ಳಗೆ ಮಾಡುವಂತೆ ಕಂಡರೂ ಮಾಡುವುದು ಮೇಲ್ಮೈಯನ್ನು ಕೆರೆಯುವ ಕೆಲಸವನ್ನೇ. ಎಳೆಗಳು ಕೆದರಿದ ಕೂಡಲೇ, ಇಲ್ಲದಿದ್ದರೂ ಮೂರು ನಾಲ್ಕು ತಿಂಗಳಿಗೊಮ್ಮೆ, ಬ್ರಷ್ ಬದಲಿಸಬೇಕು.

ಎರಡು ಹಲ್ಲುಗಳು ಒಂದಕ್ಕೊಂದು ತಾಗುವ ಸಂದಿಗೆ ಯಾವ ಬ್ರಷ್ಷೂ ತಲುಪುವುದಿಲ್ಲ, ಹುಳುಕು ಮತ್ತು ವಸಡಿನ ಕಾಯಿಲೆ ಎರಡೂ ಅಲ್ಲಿ ಸುಲಭವಾಗಿ ಬೇರೂರುತ್ತವೆ. ದಿನಕ್ಕೊಮ್ಮೆ, ರಾತ್ರಿ ಉಜ್ಜುವ ಮೊದಲು, ಫ್ಲಾಸ್ ದಾರವನ್ನು ಸಂದಿಗೆ ಮೆಲ್ಲಗೆ ಇಳಿಸಿ ಒಂದೊಂದು ಹಲ್ಲಿನ ಬದಿಗೂ ಒತ್ತಿ ಮೇಲೆ ಕೆಳಗೆ ಎಳೆಯಬೇಕು. ಸಂದಿ ಅಗಲವಾಗಿದ್ದವರಿಗೆ ಸಂದಿಯಲ್ಲಿ ತೂರಿಸುವ ಪುಟ್ಟ ಬ್ರಷ್ಷುಗಳು ದಾರಕ್ಕಿಂತ ಅನುಕೂಲ. ಪಿನ್ನು, ಬೆಂಕಿಕಡ್ಡಿಗಳಿಂದ ಚುಚ್ಚಿದರೆ ವಸಡಿಗೆ ಗಾಯವಾಗುತ್ತದೆಯೇ ಹೊರತು ಪ್ಲಾಕ್ ಹೋಗುವುದಿಲ್ಲ. ಮೌತ್‌ವಾಶ್ ಇದ್ದರೆ ಸರಿ, ಇಲ್ಲದಿದ್ದರೂ ಕೊರತೆಯಿಲ್ಲ. ಉಜ್ಜುವುದಕ್ಕೆ ಅದು ಬದಲಿಯಲ್ಲ.

ವಸಡಿನಿಂದ ರಕ್ತ ಬಂದರೆ

ಉಗಿದ ನೊರೆಯಲ್ಲಿ ಕೆಂಪು ಕಂಡಾಗ ಜನ ಸಾಮಾನ್ಯವಾಗಿ ಮಾಡುವುದು ಅಲ್ಲಿ ಉಜ್ಜುವುದನ್ನು ಬಿಡುವುದು. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ವಸಡಿನ ಅಂಚಿನಲ್ಲಿ ಪ್ಲಾಕ್ ಉಳಿದಾಗ ಅಲ್ಲಿ ಉರಿಯೂತವಾಗಿ ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಈ ಹಂತಕ್ಕೆ ಜಿಂಜಿವೈಟಿಸ್ ಎನ್ನುತ್ತಾರೆ. ಮೃದುವಾದ ಬ್ರಷ್ಷಿನಿಂದ ಅದೇ ಜಾಗವನ್ನು ಇನ್ನಷ್ಟು ಗಮನವಿಟ್ಟು ಸ್ವಚ್ಛಗೊಳಿಸಿದರೆ ಒಂದೆರಡು ವಾರಗಳಲ್ಲಿ ರಕ್ತ ಕಡಿಮೆಯಾಗುತ್ತ ಬರುತ್ತದೆ. ಕಡಿಮೆಯಾಗದಿದ್ದರೆ ಅಲ್ಲಿ ಪ್ಲಾಕ್ ಗಟ್ಟಿಯಾಗಿ ಕಲ್ಲಿನಂತೆ ಕೂತಿರುವ ಸಾಧ್ಯತೆ ಹೆಚ್ಚು. ಲಾಲಾರಸದ ಖನಿಜ ಸೇರಿ ಗಟ್ಟಿಯಾದ ಈ ಪಾಚಿಯನ್ನು ಮನೆಯಲ್ಲಿ ತೆಗೆಯಲಾಗದು, ದಂತವೈದ್ಯರಲ್ಲಿ ಸ್ಕೇಲಿಂಗ್ ಮಾಡಿಸಬೇಕು.

ಹಾಗೆಯೇ ಬಿಟ್ಟರೆ ಉರಿಯೂತ ವಸಡಿನ ಕೆಳಗಿಳಿದು ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ಕರಗಿಸತೊಡಗುತ್ತದೆ. ಇದೇ ಪೆರಿಯೊಡಾಂಟೈಟಿಸ್. ಹೀಗೆ ಕಳೆದುಕೊಂಡ ಮೂಳೆಯನ್ನು ಬಹುಮಟ್ಟಿಗೆ ಮರಳಿ ಪಡೆಯಲಾಗುವುದಿಲ್ಲ. ಚಿಕಿತ್ಸೆಯಿಂದ ಆಗುವುದು ಇನ್ನಷ್ಟು ಕಳೆದುಕೊಳ್ಳದಂತೆ ತಡೆಯುವುದು. ಒಂದೂ ಹುಳುಕಿಲ್ಲದ ಗಟ್ಟಿ ಹಲ್ಲುಗಳು ಅಲುಗಾಡಿ ಬೀಳುವುದು ಈ ಕಾಯಿಲೆಯಿಂದಲೇ. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದಿಗಳು ಬೀಳುತ್ತವೆ ಎಂಬ ಭಯ ವ್ಯಾಪಕವಾಗಿದೆ. ನಡೆಯುವುದು ಬೇರೆಯೇ: ಮೂಳೆ ಮತ್ತು ವಸಡು ಈಗಾಗಲೇ ಕುಗ್ಗಿ ಉಂಟಾದ ಸಂದಿಯನ್ನು ಪಾಚಿ ತುಂಬಿಕೊಂಡಿರುತ್ತದೆ, ಅದನ್ನು ತೆಗೆದಾಗ ಸಂದಿ ಕಣ್ಣಿಗೆ ಕಾಣುತ್ತದೆ. ನಂತರ ಕೆಲವು ದಿನ ಹಲ್ಲು ಜುಮ್ಮೆನ್ನಬಹುದು, ಅದು ತಾನಾಗಿ ಇಳಿಯುತ್ತದೆ.

ಮಧುಮೇಹ ಇರುವವರಿಗೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರಕ್ತದ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ಕಾಯಿಲೆ ಉಲ್ಬಣಿಸುತ್ತದೆ, ವಸಡಿನ ಕಾಯಿಲೆ ಉಲ್ಬಣಿಸಿದರೆ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ. ಧೂಮಪಾನಿಗಳಲ್ಲಿ ಇನ್ನೊಂದು ಅಪಾಯವಿದೆ. ತಂಬಾಕು ವಸಡಿನ ರಕ್ತಸ್ರಾವವನ್ನು ತಗ್ಗಿಸುವುದರಿಂದ, ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ರಕ್ತದ ಸುಳಿವು ಸಿಗುವುದಿಲ್ಲ. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರುಪೇರಿನಿಂದ ವಸಡು ಬೇಗ ಊದಿಕೊಳ್ಳುತ್ತದೆ. ಗರ್ಭಾವಸ್ಥೆಯಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸಲೇಬಾರದು ಎಂಬುದು ತಪ್ಪು, ನಾಲ್ಕರಿಂದ ಆರನೇ ತಿಂಗಳ ಅವಧಿ ಇದಕ್ಕೆ ಹೆಚ್ಚು ಅನುಕೂಲಕರ.

ಮಕ್ಕಳ ಹಲ್ಲು

ಹೇಗೂ ಬಿದ್ದುಹೋಗುವ ಹಾಲುಹಲ್ಲಿಗೆ ಚಿಕಿತ್ಸೆ ಯಾಕೆ ಎಂದು ಕೇಳುವ ತಂದೆತಾಯಿಗಳಿದ್ದಾರೆ. ಇಪ್ಪತ್ತು ಹಾಲುಹಲ್ಲುಗಳು ಮುಂದೆ ಬರುವ ಹಲ್ಲುಗಳಿಗೆ ಜಾಗ ಕಾದಿಡುತ್ತವೆ. ಹುಳುಕಿನಿಂದ ಒಂದು ಬೇಗನೆ ಹೋದರೆ ಅಕ್ಕಪಕ್ಕದವು ವಾಲಿಕೊಂಡು ಹೊಸ ಹಲ್ಲು ಸೊಟ್ಟಗೆ ಹುಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಗುವಿಗೆ ನೋವಾಗುತ್ತದೆ, ಅದು ಸರಿಯಾಗಿ ತಿನ್ನುವುದಿಲ್ಲ, ಮಲಗುವುದಿಲ್ಲ. ಮೊದಲ ಹಲ್ಲು ಸುಮಾರು ಆರು ತಿಂಗಳಿಗೆ ಕಾಣಿಸಿದ ದಿನದಿಂದಲೇ ಉಜ್ಜಲು ಆರಂಭಿಸಬೇಕು: ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಪೇಸ್ಟ್. ಏಳೆಂಟು ವರ್ಷವಾಗುವ ತನಕ ಮಕ್ಕಳ ಕೈಗೆ ಸೂಕ್ಷ್ಮ ಹತೋಟಿ ಬಂದಿರುವುದಿಲ್ಲ, ದೊಡ್ಡವರೇ ಉಜ್ಜಿಸಬೇಕು. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸುವ ಅಭ್ಯಾಸದಿಂದ ಮೇಲಿನ ಮುಂಬಲ್ಲುಗಳು ಸಾಲಾಗಿ ಹುಳುಕಾಗುತ್ತವೆ.

ಆರನೇ ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಬಿದ್ದ ಹಲ್ಲಿನ ಜಾಗದಲ್ಲಿ ಬರದ ಕಾರಣ ಅದನ್ನೂ ಹಾಲುಹಲ್ಲೆಂದೇ ತಿಳಿದು ಮನೆಯವರು ಅಲಕ್ಷಿಸುತ್ತಾರೆ, ಅದಾದರೋ ಜೀವಮಾನವಿಡೀ ಅಗಿಯಬೇಕಾದ ಹಲ್ಲು. ಅದರ ಮೇಲ್ಮೈಯ ಆಳವಾದ ಗೆರೆಗಳನ್ನು ದಂತವೈದ್ಯರು ಸೀಲಂಟ್ ಎಂಬ ತೆಳುಲೇಪದಿಂದ ಮುಚ್ಚಬಲ್ಲರು. ಕೊರೆಯುವುದೂ ಇಲ್ಲ, ನೋವೂ ಇಲ್ಲ.

ಚಿಕಿತ್ಸೆಗೆ ಹೋದಾಗ

ಆರು ತಿಂಗಳಿಗೊಮ್ಮೆ ತೋರಿಸಬೇಕೆಂಬುದು ಒಳ್ಳೆಯ ಸಾಮಾನ್ಯ ನಿಯಮ. ಆದರೆ ಹುಳುಕು ಅಥವಾ ವಸಡಿನ ತೊಂದರೆ ಹೆಚ್ಚಿರುವವರಿಗೆ ಮೂರು ತಿಂಗಳಿಗೊಮ್ಮೆ ಬೇಕಾಗಬಹುದು, ಬಾಯಿ ಆರೋಗ್ಯವಾಗಿರುವವರಿಗೆ ಇನ್ನೂ ದೀರ್ಘ ಅಂತರ ಸಾಕಾಗಬಹುದು. ಮುಂದಿನ ಭೇಟಿ ಯಾವಾಗ ಎಂದು ವೈದ್ಯರನ್ನೇ ಕೇಳಿ ಬರೆದಿಟ್ಟುಕೊಳ್ಳಬೇಕು. ಹೋದಾಗ ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ ತಿಳಿಸಬೇಕು, ವಿಶೇಷವಾಗಿ ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧಿಗಳನ್ನು. ಅವುಗಳನ್ನು ತಾವಾಗಿಯೇ ನಿಲ್ಲಿಸಿ ಹೋಗುವುದು ಅಪಾಯಕಾರಿ.

ಹುಳುಕು ತಿರುಳಿಗೆ ತಲುಪಿಲ್ಲವಾದರೆ ಕೆಟ್ಟ ಭಾಗವನ್ನು ತೆಗೆದು ತುಂಬಿದರೆ ಮುಗಿಯಿತು. ತಲುಪಿದ್ದರೆ ರೂಟ್ ಕೆನಾಲ್ ಬೇಕಾಗಬಹುದು: ಸೋಂಕಾದ ತಿರುಳನ್ನು ತೆಗೆದು, ಬೇರಿನೊಳಗಿನ ನಾಳಗಳನ್ನು ಶುದ್ಧಗೊಳಿಸಿ ಮುಚ್ಚುವ ಚಿಕಿತ್ಸೆ ಅದು. ಬಹಳಷ್ಟು ಭಾಗ ಕಳೆದುಕೊಂಡ ದವಡೆಹಲ್ಲು ಅಗಿಯುವ ಒತ್ತಡಕ್ಕೆ ಸೀಳಬಹುದಾದ್ದರಿಂದ ಅದರ ಮೇಲೆ ಕ್ಯಾಪ್ ಹಾಕಿಸಬೇಕು. ರೂಟ್ ಕೆನಾಲ್ ಆಗಿ ನೋವು ಹೋಯಿತೆಂದು ಕ್ಯಾಪ್ ಹಾಕಿಸದೆ ಬಿಟ್ಟು ಆ ಹಲ್ಲನ್ನೇ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ನೋವಿನ ಭಯದಿಂದ ಮುಂದೂಡುವವರಿಗೆ ಒಂದು ಮಾತು: ಚುಚ್ಚುಮದ್ದಿನಿಂದ ಆ ಜಾಗವನ್ನು ಮರಗಟ್ಟಿಸಿಯೇ ಕೆಲಸ ಆರಂಭಿಸುತ್ತಾರೆ. ಉರಿಯೂತ ತೀವ್ರವಾಗಿರುವ ಹಲ್ಲಿನಲ್ಲಿ ಮರಗಟ್ಟಿಸುವ ಔಷಧಿ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಬೇಗ ಹೋದವರಿಗೇ ನೋವು ಕಡಿಮೆ. ಆಂಟಿಬಯೋಟಿಕ್ ಮಾತ್ರೆ ನುಂಗಿ ಹಲ್ಲುನೋವನ್ನು ವಾಸಿಮಾಡಿಕೊಳ್ಳುತ್ತೇನೆ ಎಂಬುದೂ ಆಗದ ಮಾತು. ಸೋಂಕಿನ ಮೂಲ ಹಲ್ಲಿನೊಳಗೇ ಉಳಿದಿರುತ್ತದೆ. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಇಟ್ಟುಕೊಂಡರೆ ವಸಡು ಸುಡುತ್ತದೆ.

ಹಲ್ಲು ಕೀಳಿಸಿದ ದಿನ ಆ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಹೊದಿಕೆ. 24 ಗಂಟೆ ಜೋರಾಗಿ ಮುಕ್ಕಳಿಸಬಾರದು, ಉಗಿಯಬಾರದು, ಸ್ಟ್ರಾದಿಂದ ಹೀರಬಾರದು, ಧೂಮಪಾನ ಮಾಡಲೇಬಾರದು. ಹೆಪ್ಪು ಕಳಚಿದರೆ ಮೂಳೆ ಬಯಲಾಗಿ ಎರಡು ಮೂರು ದಿನದಲ್ಲಿ ಅಸಹನೀಯ ನೋವು ಶುರುವಾಗುತ್ತದೆ.

ತುರ್ತು ಸಂದರ್ಭಗಳು ಎರಡಿವೆ. ಮುಖ ಅಥವಾ ಕುತ್ತಿಗೆ ಊದಿಕೊಂಡು ಜ್ವರ ಬಂದರೆ, ನುಂಗಲು, ಉಸಿರಾಡಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು, ಪೆಟ್ಟು ಬಿದ್ದು ಶಾಶ್ವತ ಹಲ್ಲು ಇಡಿಯಾಗಿ ಕಿತ್ತುಬಂದಾಗ. ಅದನ್ನು ಬೇರಿನ ಕಡೆ ಮುಟ್ಟದೆ, ಬಾಯಲ್ಲಿ ಕಾಣುವ ಭಾಗದಿಂದಲೇ ಎತ್ತಿಕೊಳ್ಳಬೇಕು. ಮಣ್ಣಾಗಿದ್ದರೆ ಹರಿಯುವ ತಣ್ಣೀರಿನಲ್ಲಿ ಹತ್ತು ಸೆಕೆಂಡು ಮಾತ್ರ ತೊಳೆಯಬೇಕು, ಉಜ್ಜಬಾರದು. ಸಾಧ್ಯವಾದರೆ ಅದೇ ಕುಳಿಯಲ್ಲಿ ಕೂರಿಸಿ ಬಟ್ಟೆ ಕಚ್ಚಿ ಹಿಡಿಯಬೇಕು; ಇಲ್ಲವಾದರೆ ಹಾಲಿನಲ್ಲಿ ಮುಳುಗಿಸಿ ಒಯ್ಯಬೇಕು, ನೀರಿನಲ್ಲಾಗಲಿ ಒಣಬಟ್ಟೆಯಲ್ಲಾಗಲಿ ಅಲ್ಲ. ಬೇರಿನ ಮೇಲಿನ ಜೀವಕೋಶಗಳು ಒಣಗಿದರೆ ಸಾಯುತ್ತವೆ. ಅರ್ಧ ಗಂಟೆಯೊಳಗೆ ವೈದ್ಯರನ್ನು ತಲುಪಿದರೆ ಹಲ್ಲು ಮತ್ತೆ ಕಚ್ಚಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ. ಕಿತ್ತುಬಂದದ್ದು ಹಾಲುಹಲ್ಲಾದರೆ ಮರಳಿ ಕೂರಿಸಬಾರದು, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ.

ತೆಗೆದು ಹಾಕುವ ಹಲ್ಲುಸೆಟ್ ಇರುವವರು ಅದನ್ನು ದಿನವೂ ಉಜ್ಜಿ, ರಾತ್ರಿ ತೆಗೆದಿಟ್ಟು ಮಲಗಬೇಕು. ತಿಂಗಳಿಗೊಮ್ಮೆ ಎಲ್ಲರೂ ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಹಿಡಿದು ನಾಲಿಗೆಯ ಎರಡೂ ಬದಿ, ಅದರ ಕೆಳಭಾಗ, ಕೆನ್ನೆಯ ಒಳಗು ಮತ್ತು ತುಟಿಯ ಒಳಗನ್ನು ನೋಡಿಕೊಳ್ಳಬೇಕು. ತಂಬಾಕು ಅಗಿಯುವವರಿಗೆ ಮತ್ತು ಸೇದುವವರಿಗೆ ಇದು ಇನ್ನೂ ಅಗತ್ಯ. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಹೊಸದಾಗಿ ಕಾಣಿಸಿದ ಗಂಟು ಇದ್ದರೆ, ಅದು ನೋಯದಿದ್ದರೂ ಅದೇ ವಾರ ವೈದ್ಯರಿಗೆ ತೋರಿಸಬೇಕು.